ಸರಪಳಿ ಕಂಡ ಕಾಲು ಐರ್ಲೆಂಡಿಗೆ ಹೋದದ್ದು

ಚಿದ್ರಿ, ಬೀದರ

ನನಗೆ ಸ್ಕಿಜೋಫ್ರೇನಿಯಾ ಇದೆ. ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಪ್ರವಾಸದ ಬರಹವೆಂದು ಓದಲು ಕೂತವರು ಅರ್ಧ ದಾರಿಯಲ್ಲಿ ಗಾಬರಿಯಾಗಬಾರದು. ಗಾಬರಿಯಾಗುವವರು ಈಗಲೇ ಇಳಿಯಬಹುದು, ಬಸ್ಸು ಇನ್ನೂ ಸ್ಟ್ಯಾಂಡ್ ಬಿಟ್ಟಿಲ್ಲ.

ನಮ್ಮದು ಔರಾದ ತಾಲೂಕಿನ ಠಾಣಾ ಕುಶನೂರ. ಓದಿ ಟೀಚರ್ ಆದೆ, ಮದುವೆಯಾಗಿ ಭಾಲ್ಕಿಗೆ ಹೋದೆ. ಅಲ್ಲಿದ್ದಾಗ ನನ್ನ ಕಿವಿಯಲ್ಲಿ ಯಾರೋ ಮಾತಾಡತೊಡಗಿದರು. ಗಂಡನ ಮನೆಯವರು ದೂರದ ಒಂದು ಠಿಕಾಣಿಗೆ ಕರೆದೊಯ್ದು, ಮಂತ್ರ ಹಾಕುವವನೊಬ್ಬನ ಕೈಗೆ ನನ್ನನ್ನು ಒಪ್ಪಿಸಿ ಬಂದರು. ಅವನು ತಗಡಿನ ಶೆಡ್ಡಿನ ಕಂಬಕ್ಕೆ ನನ್ನ ಬಲಗಾಲನ್ನು ಸರಪಳಿಯಿಂದ ಬಿಗಿದ. ಒಂದು ಮಳೆಗಾಲ, ಒಂದು ಚಳಿಗಾಲ ಅಲ್ಲೇ ಕಳೆದೆ. ಅಪ್ಪ ಹುಡುಕಿಕೊಂಡು ಬಂದು ಬಿಡಿಸಿದ. ಆಮೇಲೆ ಒಂದು ಆಸ್ಪತ್ರೆ. ಅಲ್ಲಿ ಸರಪಳಿ ಇರಲಿಲ್ಲ, ಬೀಗವಿತ್ತು. ಒಳಗೆ ಹೋದ ದಿನವೇ ತಲೆ ಬೋಳಿಸಿದರು. ಎಷ್ಟೋ ಕಾಲದ ನಂತರ ಒಬ್ಬ ಒಳ್ಳೆಯ ಡಾಕ್ಟರು ಸಿಕ್ಕರು, ನನಗೆ ಒಗ್ಗುವ ಗುಳಿಗೆ ಸಿಕ್ಕಿತು, ಮತ್ತೆ ಶಾಲೆಗೆ ಹೋದೆ. ಗಂಡ ಅಷ್ಟರಲ್ಲಿ ಇನ್ನೊಂದು ಮದುವೆಯಾಗಿದ್ದ. ಆಗಲಿ. ಈಗ ಅಣ್ಣ ಗೌತಮನ ಮನೆಯ ಮೇಲಂತಸ್ತಿನಲ್ಲಿದ್ದೇನೆ, ಮಕ್ಕಳಿಗೆ ಕನ್ನಡ ಕಲಿಸುತ್ತೇನೆ.

ತಂಗಿ ಪ್ರಜ್ಞಾ ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸ್. "ಅಕ್ಕಾ, ಬ್ಯಾಸಗಿ ಸೂಟಿಗಿ ಬಾ" ಎಂದು ಟಿಕೆಟ್ ಕಳಿಸಿದಳು. ಮನೆಯಲ್ಲಿ ಸಭೆ ಸೇರಿತು. ಅತ್ತಿಗೆ, ಅತ್ತಿಗೆಯ ಅಕ್ಕ, ಮೇಲೆ ಪಕ್ಕದ ಮನೆಯವರು. ವಿಮಾನದಲ್ಲಿ ನಾನು ಬಾಗಿಲು ತೆಗೆದರೆ ಏನು ಗತಿ ಎಂಬುದು ಅವರ ಚರ್ಚೆ.

ಅಣ್ಣ ಮೆಲ್ಲಗೆ ಹೇಳಿದ: "ಸುಜಾ, ಹೋಗಿ ಬಾ. ಖರೇ, ಅಲ್ಲಿ ಯಾರಿಗೂ ನಿನ್ನ ಬ್ಯಾನಿ ಹೇಳಬ್ಯಾಡ. ಶುಗರ್ ಗುಳಿಗಿ ಅನ್ನು."

"ಶುಗರ್ ಇಲ್ಲಲ್ಲ ನನಗ."

"ಸುಮ್ನ ಅನ್ನು ಅಂತೇನಿ ಅಷ್ಟ."

"ನಾ ಅನ್ನಂಗಿಲ್ಲ ಅಣ್ಣಾ."

ಅವನು ಎದ್ದು ನನ್ನ ಬ್ಯಾಗು ಕಟ್ಟತೊಡಗಿದ. ಒಪ್ಪಿದನೆಂದೇ ತಿಳಿದೆ.

ಡಬ್ಲಿನ್

ಹೈದರಾಬಾದಿನಿಂದ ಹೊರಟು, ಮರಳುಗಾಡಿನ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಿ ಡಬ್ಲಿನ್‌ಗೆ ಬಂದಿಳಿದೆ. ಬಾಗಿಲನ್ನು ನಾನು ತೆಗೆಯಲಿಲ್ಲ. ಪಕ್ಕದ ಸೀಟಿನ ಕಟ್ಟುಮಸ್ತಾದ ಗಂಡಸೊಬ್ಬ ವಿಮಾನ ಕುಲುಕಿದಾಗಲೆಲ್ಲ ಕಣ್ಣು ಮುಚ್ಚಿ ಏನನ್ನೋ ಜಪಿಸುತ್ತಿದ್ದ. ಅವನಿಗೆ ಶೇಂಗಾ ಹಿಂಡಿ ಹಚ್ಚಿದ ಖಡಕ್ ರೊಟ್ಟಿ ಕೊಟ್ಟೆ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅವನಿಗೆ, ಭಯ ಹೋಯಿತು.

ಸಾಮಾನು ಸುತ್ತುವ ಪಟ್ಟಿಯ ಎದುರು ನಿಂತೇ ನಿಂತೆ. ಎಲ್ಲರ ಬ್ಯಾಗೂ ಬಂತು, ನನ್ನದು ಬರಲಿಲ್ಲ. ಇರಲಿ, ಸೀರೆಗಳು ತಾನೇ, ತಂಗಿಯದು ಉಟ್ಟರಾಯಿತು ಎಂದುಕೊಂಡೆ. ಗುಳಿಗೆಗಳನ್ನು ನಾನೇ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಪ್ರಜ್ಞಾಳ ಕಾರಿನಲ್ಲಿ ಕೂತು ಚೀಲ ತೆರೆದರೆ ಗುಳಿಗೆಯ ಪೊಟ್ಟಣವಿಲ್ಲ. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ.

"ದೊಡ್ಡ ಬ್ಯಾಗಿನ್ಯಾಗ ಇಟ್ಟೇನಿ, ಕುಪ್ಪಸದ ನಡಕ" ಎಂದ. "ಏರ್‌ಪೋರ್ಟಿನ್ಯಾಗ ಯಾರರ ಚೀಲ ತೆಗದು ನೋಡಿದ್ರ ನಾಚಿಕಿ ಅಲ್ಲೇನು?"

"ನಾಚಿಕಿ ನಿಂದು, ಗುಳಿಗಿ ನಂದು" ಎಂದು ಫೋನ್ ಇಟ್ಟೆ. ಗುಳಿಗೆ ತಪ್ಪಿದರೆ ನನಗೇನಾಗುತ್ತದೆ ಎಂದು ಅಣ್ಣನಿಗೆ ಕೇಳಿ ಗೊತ್ತು. ನನಗೆ ಅನುಭವಿಸಿ ಗೊತ್ತು. ಮೊದಲು ನಿದ್ದೆ ಹೋಗುತ್ತದೆ. ಆಮೇಲೆ ಫ್ಯಾನಿನ ಸದ್ದಿನೊಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಾರೆ.

ಡಾಕ್ಟರ ಬಾಗಿಲು

ಬ್ಯಾಗು ಎಲ್ಲಿದೆ ಎಂದು ವಿಮಾನದವರಿಗೇ ತಿಳಿಯಲಿಲ್ಲ. ಮರುದಿನವೇ ಪ್ರಜ್ಞಾ ನನ್ನನ್ನು ಊರಿನ ಡಾಕ್ಟರ ಬಳಿ ಕರೆದೊಯ್ದಳು. ಬಸ್ಸಿನಲ್ಲಿ ಹೋದೆವು. ಇಳಿಯುವ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮ ಔರಾದ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ಗಾಡಿ ನಿಲ್ಲಿಸಿ, ಏನೋ ಕೆಟ್ಟಿದೆಯೆಂದು ಹಿಂದೆ ನೋಡಿಯಾನು.

ಕಾಯುವ ಕೋಣೆ ಸಣ್ಣದು. ಒಬ್ಬ ಮುದುಕ ರೈತ, ಮಗು ಎತ್ತಿಕೊಂಡ ಒಬ್ಬಳು ತಾಯಿ, ಮೇಜಿನ ಹಿಂದೆ ಹೆಸರು ಕೇಳುವ ಹೆಂಗಸು. "ಏನು ತೊಂದರೆ?" ಎಂದಳು ಆಕೆ. ಪ್ರಜ್ಞಾ ಮೇಜಿನ ಮೇಲೆ ಬಗ್ಗಿ, "ಸ್ವಲ್ಪ ನಿದ್ದೆಯ ತೊಂದರೆ" ಎಂದು ಪಿಸುಗುಟ್ಟಿದಳು.

ನನಗೆ ಅಣ್ಣನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಗೇ ಬಂತು. "ನಿದ್ದೆ ಅಲ್ಲ, ಸ್ಕಿಜೋಫ್ರೇನಿಯಾ" ಎಂದೆ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ. "ಗುಳಿಗೆ ಬ್ಯಾಗಿನ ಜೊತೆ ಕಳೆದುಹೋಗಿವೆ."

ಹೋಗಿ ರೈತನ ಪಕ್ಕದ ಕುರ್ಚಿಯಲ್ಲಿ ಕೂತೆ. ಆತ ಇನ್ನೇನು ಕುರ್ಚಿ ಸರಿಸುತ್ತಾನೆಂದು ಕಾದೆ. ಆತ ಕಿಟಕಿಯಾಚೆ ನೋಡಿ, "ಮಳೆ ನಿಂತಿತು, ಒಳ್ಳೆಯದಾಯಿತು" ಎಂದ. ಅಲ್ಲಿ ಯಾರು ಯಾರ ಪಕ್ಕ ಕೂತರೂ ಮಳೆಯ ಮಾತೇ. ನಾನೂ ಹೌದು ಎಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಮಳೆಯಷ್ಟು ಚೆಂದದ ವಿಷಯ ಬೇರೊಂದಿರಲಿಲ್ಲ.

ಒಳಗೆ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಪ್ರಜ್ಞಾ ನನ್ನ ಪರವಾಗಿ ಹೇಳತೊಡಗಿದಳು. ಆಕೆ ಕೇಳಿ, ತಲೆಯಾಡಿಸಿ, ನನ್ನ ಕಡೆ ತಿರುಗಿ, "ಈಗ ನೀವು ಹೇಳಿ" ಎಂದರು. ಇಷ್ಟು ವರ್ಷಗಳಲ್ಲಿ ಡಾಕ್ಟರುಗಳೆಲ್ಲ ಅಪ್ಪನನ್ನು ಕೇಳಿದ್ದಾರೆ, ಅಣ್ಣನನ್ನು ಕೇಳಿದ್ದಾರೆ, ಒಮ್ಮೆ ನನ್ನೆದುರೇ ಆಟೋದವನನ್ನೂ ಕೇಳಿದ್ದಾರೆ. ನಾನು ಹೇಳಿದೆ. ಬೀದರಕ್ಕೆ ಫೋನ್ ಮಾಡಿ ನಮ್ಮ ಡಾಕ್ಟರೊಂದಿಗೆ ಮಾತಾಡಿ, ಗುಳಿಗೆ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಪ್ರಜ್ಞಾ ಅತ್ತಳು. "ಅಷ್ಟು ಜೋರಾಗಿ ಯಾಕ ಹೇಳ್ದಿ ಅಕ್ಕಾ? ಸಣ್ಣ ಊರು ಇದು. ಎಲ್ಲಾರಿಗೂ ನನ್ನ ಗುರ್ತ ಅದ."

"ನಿನಗ ಬ್ಯಾನಿ ಇಲ್ಲಲ್ಲ, ನೀ ಯಾಕ ಅಳ್ತಿ?" ಎಂದೆ. ಅವಳು ಅಳುತ್ತಲೇ ನಕ್ಕಳು.

ವೃದ್ಧರ ಮನೆ

ಊರ ಹೊರಗೆ ಗುಡ್ಡದ ಮೇಲೆ ಬೂದು ಕಲ್ಲಿನ ಉದ್ದನೆಯ ಕಟ್ಟಡವಿತ್ತು. ನಮ್ಮ ಕೋಟೆಯಷ್ಟು ಉದ್ದ ಅನ್ನಿಸಿತು. ಸಾಲು ಸಾಲು ಕಿಟಕಿ, ಅರ್ಧಕ್ಕೆ ಗಾಜಿಲ್ಲ. ಯಾವ ರಾಜನದು ಎಂದು ಕೇಳಿದೆ. ಪ್ರಜ್ಞಾ ತಡವರಿಸಿ, "ಹುಚ್ಚರ ದವಾಖಾನಿ ಇತ್ತಂತ. ಈಗ ಬಂದ್ ಆಗ್ಯದ" ಎಂದಳು. ನಮ್ಮ ಕಡೆ ಒಂದು ಊರಿನ ಹೆಸರು ಹೇಳಿ 'ಅಲ್ಲಿಗಿ ಕಳಸಬೇಕಾಗ್ತದ' ಎಂದರೆ ಅರ್ಥವಾಗುತ್ತದಲ್ಲ, ಇಲ್ಲಿನವರು 'ಗುಡ್ಡದ ಮೇಲೆ' ಎನ್ನುತ್ತಾರಂತೆ. ಈಗಲೂ ದನಿ ತಗ್ಗಿಸಿಯೇ ಎನ್ನುತ್ತಾರೆ.

ಪ್ರಜ್ಞಾ ಕೆಲಸ ಮಾಡುವುದು ವೃದ್ಧರ ಮನೆಯಲ್ಲಿ. ಒಂದು ಮಧ್ಯಾಹ್ನ ನನ್ನನ್ನೂ ಕರೆದೊಯ್ದಳು. ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದ ಮುದುಕಿಯ ಹೆಸರು ಬ್ರೀಡಾ. ಕಣ್ಣು ಹದ್ದಿನವು. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ, 'ಆಯಿ' ಎಂದೆ. ಅಂದರೇನು ಎಂದು ಕೇಳಿದಳು. ಅಜ್ಜಿ ಎಂದೆ. ಬೊಚ್ಚುಬಾಯಿ ತೆರೆದು ನಕ್ಕಳು. ಆಕೆ ಆಡಿದ್ದು ಹಳ್ಳಿಯ ಒರಟು ಇಂಗ್ಲಿಷು. ಅದನ್ನು ಗ್ರಂಥದ ಕನ್ನಡದಲ್ಲಿ ಬರೆದರೆ ಆಕೆ ಸತ್ತುಹೋಗುತ್ತಾಳೆ. ಹಾಗಾಗಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಹಿಂದುಸ್ತಾನದಾಗ ಹುಚ್ಚರು ಇರ್ತಾರೇನು?" ಎಂದಳು.

"ನಾನೇ ಇದ್ದೇನಲ್ಲ ಆಯಿ."

ಹದ್ದಿನ ಕಣ್ಣು ನನ್ನ ಮೇಲೆ ನಿಂತವು. "ಕೂದಲಾ ತೆಗದ್ರೇನು?"

"ತೆಗದ್ರು. ನಿಮ್ಮದು?"

"ಮೊದಲ ದಿನಾನೇ."

ಆಮೇಲೆ ನಾವಿಬ್ಬರೂ ಪರಿಚಯದವರಾದೆವು. ಬ್ರೀಡಾಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅಣ್ಣನ ಮದುವೆಯಾಯಿತು, ಮನೆಗೆ ಬಂದವಳಿಗೆ ಈ ಜಗಳಗಂಟಿ ನಾದಿನಿ ಬೇಡವಾದಳು. ಅಣ್ಣ ಹೇಳಿದ, ಡಾಕ್ಟರು ಒಪ್ಪಿದರು, ಹರೆಯದ ಹುಡುಗಿಯನ್ನು ಗುಡ್ಡದ ಮೇಲೆ ಬಿಟ್ಟರು. ಅಲ್ಲಿ ಬಟ್ಟೆ ಒಗೆಯುವ ಕೆಲಸ. ಹರೆಯ ಹೋಯಿತು, ನಡುವಯಸ್ಸು ಹೋಯಿತು. ಕಟ್ಟಡ ಮುಚ್ಚುವಾಗ ಆಕೆಯನ್ನು ಹೊರಗೆ ಬಿಟ್ಟರು. ಅಷ್ಟೊತ್ತಿಗೆ ಆಕೆಗೆ ರಸ್ತೆ ದಾಟುವುದು ಮರೆತುಹೋಗಿತ್ತು. ಜೊತೆಗೆ ಬಟ್ಟೆ ಒಗೆಯುತ್ತಿದ್ದ ಗೆಳತಿ ಕ್ಯಾಥ್ಲೀನ್ ಒಳಗೇ ಸತ್ತಳು. ಹಿಂದಿನ ಹುಲ್ಲುಗಾವಲಿನಲ್ಲಿ ಹೂಳಿದರು.

"ಅಲ್ಲಿಗಿ ಹೋಗಬೇಕು ನಾ" ಎಂದಳು ಬ್ರೀಡಾ. "ಕೇಳಿ ಕೇಳಿ ಸಾಕಾಗ್ಯದ. ಯಾರೂ ಒಯ್ಯಂಗಿಲ್ಲ."

ಮನೆಯ ಮೇಲ್ವಿಚಾರಕಿಯನ್ನು ಕೇಳಿದೆ. ಚೆನ್ನಾಗಿ ಬಟ್ಟೆ ತೊಟ್ಟ, ಮೆತ್ತನೆ ಮಾತಿನ ಹೆಂಗಸು. ಚಳಿಯಿದೆ, ಆಕೆಯ ಮನಸ್ಸಿಗೆ ನೋವಾದೀತು, ಬೇರೊಂದು ದಿನ ನೋಡೋಣ ಎಂದಳು. ಆ ದೇಶದಲ್ಲಿ ಯಾರೂ ಆಗುವುದಿಲ್ಲ ಎನ್ನುವುದಿಲ್ಲ, ಬೇರೊಂದು ದಿನ ಎನ್ನುತ್ತಾರೆ. ನಮ್ಮ ತಹಸೀಲ್ ಕಚೇರಿಯಲ್ಲಿ 'ನಾಳಿ ಬರ್ರಿ' ಎನ್ನುತ್ತಾರಲ್ಲ, ಅದಕ್ಕೇ ಸ್ವಲ್ಪ ಸಕ್ಕರೆ ಹಾಕಿದ ಹಾಗೆ.

ಬ್ರೀಡಾ ಕುರ್ಚಿಯ ಹಿಡಿಯನ್ನು ಗುದ್ದಿದಳು. "ನಾ ಇಲ್ಲಿ ಕೈದಿ ಏನು?"

"ಖಂಡಿತ ಅಲ್ಲ" ಎಂದಳು ಮೇಲ್ವಿಚಾರಕಿ.

"ಹಂಗಾದ್ರ ನನ್ನ ಕೋಟು ತರ್ರಿ."

ಅಂದು ಕೋಟು ಬರಲಿಲ್ಲ. ಮನೆಗೆ ಬಂದು ಪ್ರಜ್ಞಾ ಕೈ ಮುಗಿದಳು. "ಅಕ್ಕಾ, ನೀ ಸೂಟಿ ಮುಗಿಸಿ ಹೋಗ್ತಿ. ನಾ ಇಲ್ಲೇ ಇರಬೇಕು. ನೌಕರಿ ಹೋದ್ರ ವೀಸಾನೂ ಹೋಗ್ತದ."

ಅದು ಸುಳ್ಳಲ್ಲ. ಅವಳ ಮನೆ, ಅವಳ ಮಕ್ಕಳ ಶಾಲೆ ಎಲ್ಲ ಆ ನೌಕರಿಯ ಮೇಲೆ ನಿಂತಿದ್ದವು. ನಾನು ತಟ್ಟೆಗಳನ್ನು ಎತ್ತಿಡತೊಡಗಿದೆ. ಪಾತ್ರೆ ತೊಳೆಯುತ್ತ ನಿಂತವಳು ನಲ್ಲಿ ಬಂದ್ ಮಾಡಿ, "ಅಪ್ಪ ನಿನ್ನ ಬಿಡಿಸಿಕೊಂಡ್ ಬಂದಾಗ ನಾ ಸಣ್ಣಾಕಿ" ಎಂದಳು. "ನಿನ್ನ ಕಾಲು ನೋಡಿ ಹೆದರಿ ಓಡಿ ಹೋಗಿದ್ದೆ. ನಾಡದು ನನಗ ರಜಾ ಅದ. ಕಾರ್ ತರ್ತೇನಿ."

ಗುಡ್ಡದ ಮೇಲೆ

ಬ್ರೀಡಾಳಿಗೆ ಕೋಟು ತೊಡಿಸಿ, ಮೇಲ್ವಿಚಾರಕಿಯನ್ನು ಕೇಳದೆಯೇ ಕಾರಿನಲ್ಲಿ ಗುಡ್ಡಕ್ಕೆ ಕರೆತಂದೆವು. ಕಟ್ಟಡವನ್ನು ಒಡೆದು ಮನೆಗಳನ್ನಾಗಿ ಮಾರುತ್ತಿದ್ದರು. ಸುತ್ತ ತಂತಿಬೇಲಿ, ಗೇಟಿಗೆ ಬೀಗ, ಗೇಟಿನಲ್ಲಿ ಹಳದಿ ಜಾಕೀಟಿನವನೊಬ್ಬ ಚಹಾ ಕುಡಿಯುತ್ತ ನಿಂತಿದ್ದ. ಒಳಗೆ ಬಿಡುವ ಹಾಗಿಲ್ಲ, ಯಾರಿಗಾದರೂ ಪೆಟ್ಟಾದರೆ ಕಷ್ಟ ಎಂದು ತುಂಬ ಸಲ ಸಾರಿ ಹೇಳಿದ. ಆ ಜನ ಸಾರಿ ಎನ್ನುವುದಕ್ಕೆ ಲೆಕ್ಕವೇ ಇಲ್ಲ. ನೀವು ಅವರ ಕಾಲು ತುಳಿದರೂ ಅವರೇ ಅನ್ನುತ್ತಾರೆ.

ಬ್ರೀಡಾ ಕುರ್ಚಿಯಲ್ಲೇ ನೆಟ್ಟಗಾದಳು. "ಏ ಹುಡುಗ. ನನ್ನ ಹರೇ ಪೂರಾ ಈ ಗೇಟಿನಿಂದ ಹೊರಗ ಬಿಡಲಿಲ್ಲ. ಈಗ ಒಳಗ ಬಿಡಂಗಿಲ್ಲ ಅಂತಿಯೇನು?"

ಅವನು ಆಕೆಯನ್ನೇ ನೋಡಿದ. ಯಾರಿಗೋ ಫೋನ್ ಮಾಡಿದ, ಅವರು ಎತ್ತಲಿಲ್ಲ. ಒಳಗೆ ಹೋಗಿ ಪ್ಲಾಸ್ಟಿಕ್ಕಿನ ಹಳದಿ ಟೊಪ್ಪಿಗೆಗಳನ್ನು ತಂದು ನಮ್ಮ ಕೈಗಿಟ್ಟು ಬೀಗ ತೆಗೆದ. ತಲೆಯ ಮೇಲೆ ಹಳದಿ ಬುಟ್ಟಿ ಮಗುಚಿದಂತೆ ಬ್ರೀಡಾ, ಇಳಕಲ್ ಸೀರೆಯ ಮೇಲೆ ತಂಗಿಯ ಕೋಟು, ಅದರ ಮೇಲೆ ಟೊಪ್ಪಿಗೆಯ ನಾನು, ಹಿಂದೆ ತಳ್ಳುತ್ತ ಪ್ರಜ್ಞಾ. ಕಟ್ಟಡದ ಹಿಂಭಾಗ ತಲುಪುವ ಮೊದಲೇ ಗಾಲಿ ಕೆಸರಿನಲ್ಲಿ ಹೂತಿತು. ನಾವಿಬ್ಬರೂ ತಳ್ಳಿದರೂ ಕದಲಲಿಲ್ಲ. ಹಳದಿ ಜಾಕೀಟಿನವನು ಚಹಾದ ಲೋಟವನ್ನು ಗೋಡೆಯ ಮೇಲಿಟ್ಟು ಬಂದು, ಕುರ್ಚಿಯ ಸಮೇತ ಆಕೆಯನ್ನು ಎತ್ತಿ ಹುಲ್ಲಿನ ಮೇಲೆ ಇಳಿಸಿದ.

ಹುಲ್ಲು ಅಷ್ಟೇ. ಬೀದರದ ಪಕ್ಕದ ನಮ್ಮ ಅಷ್ಟೂರಿನಲ್ಲಿ ಸುಲ್ತಾನರು ಸತ್ತು ಇಷ್ಟು ಶತಮಾನವಾದರೂ ಗುಮ್ಮಟದ ಕೆಳಗೆ ಮಲಗಿದ್ದಾರೆ, ಯಾವುದು ಯಾರದೆಂದು ಊರಿನ ಮಕ್ಕಳೂ ತೋರಿಸುತ್ತಾರೆ. ಇಲ್ಲಿ ದಿಬ್ಬವಿಲ್ಲ, ಕಲ್ಲಿಲ್ಲ, ಕುರಿ ಮೇಯುವ ಹೊಲದಂತೆ ಹುಲ್ಲು. ಮೂಲೆಯ ಗೋಡೆಗೆ ಒಂದೇ ಒಂದು ಫಲಕ. ಇಲ್ಲಿ ಮಲಗಿರುವ ಎಲ್ಲರಿಗೂ ದೇವರು ಶಾಂತಿ ಕೊಡಲಿ ಎಂದು ಅದರ ಮೇಲೆ ಬರೆದಿತ್ತು.

ಓದಿ ಹೇಳಿದೆ. ಬ್ರೀಡಾ ಉಗುಳಿದಳು, ನಿಜವಾಗಿಯೂ ಉಗುಳಿದಳು. "ಎಲ್ಲರೂ ಅಂದ್ರ ಯಾರು?"

ಆಮೇಲೆ ಹೆಸರು ಕೂಗತೊಡಗಿದಳು. ಕ್ಯಾಥ್ಲೀನ್. ಮೇರಿ. ಇನ್ನೊಬ್ಬ ಮೇರಿ, ಕುಂಟುತ್ತಿದ್ದಳಲ್ಲ, ಅವಳು. ನೋರಾ. ಪೆಗ್. ಸತ್ತವರ ಎದುರು ತಗ್ಗಿಸುವ ದನಿ ಅದಲ್ಲ. ಅಂಗಳದಲ್ಲಿ ನಿಂತು ಹೊಲದವರನ್ನು ಊಟಕ್ಕೆ ಕರೆಯುವ ದನಿ. ಗೋಡೆ ಕಟ್ಟುತ್ತಿದ್ದ ಕೆಲಸಗಾರರು ಕೈ ನಿಲ್ಲಿಸಿ ನೋಡಿದರು. ಉಸಿರು ಸಾಲದೆ ಬ್ರೀಡಾ ನಿಂತಾಗ ನನ್ನ ಬಾಯಿಂದ ಹೆಸರೊಂದು ತಾನೇ ಹೊರಬಂತು.

"ಶಾಂತಾಬಾಯಿ!"

"ಯಾರದು?" ಎಂದಳು ಬ್ರೀಡಾ.

"ನನ್ನ ಪಕ್ಕದ ಕಂಬಕ್ಕ ಕಟ್ಟಿದ್ರು. ಜ್ವರ ಬಂದು ಅಲ್ಲೇ ಸತ್ಳು."

"ಮತ್ತೊಮ್ಮೆ ಕೂಗು. ಕೇಳಂಗ ಕೂಗು."

ಕೂಗಿದೆ. ಶಾಂತಾಬಾಯಿ ಹುಮನಾಬಾದಿನ ಆಚೆ ಕಡೆಯವಳು. ಅವಳ ಹೆಸರನ್ನು ಯಾವತ್ತೂ ಯಾರೆದುರೂ ನಾನು ಹೇಳಿರಲಿಲ್ಲ. ಹೇಳಿದರೆ ಆ ಶೆಡ್ಡಿನ ಮಾತೂ ಬರುತ್ತದೆ, ಮನೆಯಲ್ಲಿ ಎಲ್ಲರ ಮುಖ ಬಾಡುತ್ತದೆ. ಅಲ್ಲಿ ಯಾರ ಮುಖವೂ ಬಾಡಲಿಲ್ಲ. ಪ್ರಜ್ಞಾ ನನ್ನ ಕೈ ಹಿಡಿದುಕೊಂಡಳು. ಹಳದಿ ಜಾಕೀಟಿನವನು ತನ್ನ ಟೊಪ್ಪಿಗೆ ತೆಗೆದ.

ಪ್ರಜ್ಞಾಳನ್ನು ಮರುದಿನ ಕರೆಸಿ ಬುದ್ಧಿ ಹೇಳಿದರು. ನೌಕರಿ ಉಳಿಯಿತು. ಉಳಿಸಿದ್ದು ಬ್ರೀಡಾ. ಈ ಹುಡುಗಿಯನ್ನು ತೆಗೆದರೆ ಪತ್ರಿಕೆಯವರನ್ನು ಕರೆಸಿ, ಗುಡ್ಡದ ಮೇಲಿನ ಕತೆಯನ್ನು ಮೊದಲಿನಿಂದ ಹೇಳುತ್ತೇನೆ ಎಂದಳಂತೆ.

ಹೊರಡುವ ಮುನ್ನ ಹೇಳಿಬರಲು ಹೋದೆ. ಬ್ರೀಡಾ ಚಹಾ ತರಿಸಿದಳು.

"ನಿಮ್ಮ ಕಡೆ ಇನ್ನೂ ಕಟ್ತಾರೇನು?"

"ಕಟ್ತಾರ ಆಯಿ. ಕಾನೂನು ಬ್ಯಾಡ ಅಂತದ. ಆದ್ರೂ ಕಟ್ತಾರ."

"ಮತ್ತ ನೀ ಇಲ್ಲಿ ಚಾ ಕುಡಕೋತ ಯಾಕ ಕುಂತಿ?" ಎಂದಳು. ತಮಾಷೆ ಅಲ್ಲ. ಸಿಟ್ಟಿನಲ್ಲೇ ಎಂದಳು.

ಭಾಲ್ಕಿ

ಬಂದ ಮೇಲೆ ಭಾಲ್ಕಿಯ ಮಹಿಳಾ ಮಂಡಳದವರು ವಿದೇಶದ ಅನುಭವ ಹೇಳಿರಿ ಎಂದು ಕರೆದರು. ಅಣ್ಣನೂ ಜೊತೆಗೆ ಬಂದ. ಕಾರ್ಯಕ್ರಮ ನಡೆಸುತ್ತಿದ್ದಾಕೆ ಬಾಗಿಲಲ್ಲೇ ಹೇಳಿದರು: "ಅಲ್ಲಿ ಹಸಿರು, ಸ್ವಚ್ಛ, ಶಿಸ್ತು, ಅದೆಲ್ಲಾ ಹೇಳ್ರಿ ಮೇಡಮ್. ಜನಕ್ಕ ಖುಷಿ ಆಗ್ತದ."

ಹಸಿರನ್ನೂ ಹೇಳಿದೆ. ಆ ಹಸಿರಿನ ಕೆಳಗೆ ಯಾರಿದ್ದಾರೆ ಎಂಬುದನ್ನೂ ಹೇಳಿದೆ. ನನ್ನ ಕಾಲಿನ ಮಾತು ಬಂದಾಗ ಅಣ್ಣ ಎದ್ದು ಹೊರಗೆ ಹೋದ. ಎರಡನೇ ಸಾಲಿನಲ್ಲಿ ನನ್ನ ಗಂಡನ ಮನೆಯ ಓಣಿಯವರಿದ್ದರು. ಅವರನ್ನು ನೋಡುತ್ತಲೇ ಪೂರ್ತಿ ಹೇಳಿದೆ. ಕೊನೆಗೆ ಚಪ್ಪಾಳೆ ಬಿದ್ದವೋ ಇಲ್ಲವೋ ನೆನಪಿಲ್ಲ. ಹೊರಗೆ ಅಣ್ಣ ಗಾಡಿಗೆ ಒರಗಿ ನಿಂತಿದ್ದ.

"ಎಲ್ಲಾ ಹೇಳಿಬಿಟ್ಟಿ?"

"ಹೂಂ."

"ನನ್ನ ಮಗಳಿಗಿ ವರ ನೋಡ್ಲಕತ್ತೇವಿ, ಸುಜಾ."

"ಅಕಿ ಸೋದರತ್ತಿನ್ನ ಕಟ್ಟಿಹಾಕಿದ್ದವರು ಹುಚ್ಚರು ಅಂತ ಹೇಳು ಅವರಿಗಿ" ಎಂದೆ. ಅವನು ನನ್ನನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿ ಬೀದರಕ್ಕೆ ಹೋದ. ನಮ್ಮಿಬ್ಬರ ಮಾತು ಇನ್ನೂ ಸರಿಯಾಗಿಲ್ಲ. ಅದು ಹಾಗೇ ಇದೆ.

ನಾನು ಬಸ್ಸಿಗೆಂದು ನಡೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು ಓಡಿ ಬಂದಳು. ಹೆಸರು ಕವಿತಾ, ಭಾಲ್ಕಿಗೆ ಕೊಟ್ಟವಳು. ಉಸಿರು ಬಿಡುತ್ತ ಹೇಳಿದಳು: "ನನ್ನ ಅಕ್ಕ ಲಲಿತಾ ತವರುಮನ್ಯಾಗ ಇದ್ದಾಳ್ರಿ, ಔರಾದದ ಆಚಿ. ದನದ ಕೊಟ್ಟಿಗ್ಯಾಗ." ಮುಂದಿನದನ್ನು ಕೈಯಿಂದ ತೋರಿಸಿದಳು, ಪಾದದ ಗಂಟನ್ನು ಮುಟ್ಟಿ.

"ಈಗ ಬಸ್ ಅದೇನು?" ಎಂದೆ.

ಔರಾದದ ಆಚೆ

ಔರಾದಕ್ಕೆ ಬಸ್ಸು, ಅಲ್ಲಿಂದ ಆಟೋ. ಎರಡೂ ಬದಿ ಸೋಯಾ ಮೊಳಕೆಯೊಡೆದಿತ್ತು. ಕವಿತಾಳ ಅಣ್ಣ ಧನರಾಜ ಅಂಗಳದಲ್ಲೇ ಸಿಕ್ಕ. ಕೆಟ್ಟವನ ಮುಖವಲ್ಲ, ದಣಿದವನ ಮುಖ. ವಿಷಯ ತಿಳಿದೊಡನೆ ಬಾಗಿಲಿಗೆ ಅಡ್ಡ ನಿಂತ.

"ಬಿಟ್ರ ಓಡತಾಳ್ರಿ ಮೇಡಮ್. ಬಾವಿಗಿ ಬಿದ್ರ ಯಾರು ಜವಾಬ್ದಾರಿ?"

"ಕಟ್ಟಿ ಕೊಟ್ಟಿಗ್ಯಾಗ ಸತ್ರ ಯಾರು ಜವಾಬ್ದಾರಿ?"

"ನಿಮಗೇನ್ ಗೊತ್ತದ? ಎಲ್ಲಾ ತೋರಿಸೇವಿ, ಎಲ್ಲಾ ಹರಕಿ ಹೊತ್ತೇವಿ."

ನಾನು ಸೀರೆಯ ಅಂಚನ್ನು ತುಸು ಎತ್ತಿ ಬಲಗಾಲಿನ ಕಲೆ ತೋರಿಸಿದೆ. ಅವನು ಕಣ್ಣು ತಗ್ಗಿಸಿದ. "ನೋಡ್ರಿ ಧನರಾಜ, ಸರಪಳಿ ಹಾಕೋದು ಅಪರಾಧ ಅದ. ಪೊಲೀಸರಿಗಿ ಫೋನ್ ಮಾಡಲಕ್ಕೂ ಬರ್ತದ ನನಗ. ಆದ್ರ ಬೀಗ ನೀವೇ ಹಾಕೀರಿ, ನೀವೇ ತೆಗದ್ರ ಛಲೋ. ಔಷಧದ ಜಿಮ್ಮಾ ನಂದು. ಅಕಿ ಓಡಿದ್ರ ಹಿಂದ ನಾ ಓಡ್ತೇನಿ."

ಅವನು ಕೊಟ್ಟಿಗೆಯ ಕಡೆ ತಿರುಗಿ ನೋಡಿದ. ಕವಿತಾ ಅಳುತ್ತಿದ್ದಳು. ಕೊನೆಗೆ ಅವನು ಉಡಿದಾರದಿಂದ ಕೀಲಿ ಬಿಚ್ಚಿದ.

ಲಲಿತಾ ಈಗ ಬೀದರದ ಆಸ್ಪತ್ರೆಗೆ ಬರುತ್ತಾಳೆ. ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಓಡಿಯೂ ಹೋದಳು, ನಾನೂ ಓಡಿದೆ, ಸಂತೆಯಲ್ಲಿ ಬಳೆಯಂಗಡಿಯ ಮುಂದೆ ಸಿಕ್ಕಳು. ಗುಳಿಗೆಯಿಂದ ಅವಳ ಕೈ ನಡುಗುತ್ತದೆ, ಡಾಕ್ಟರು ಬದಲಿಸುತ್ತಿದ್ದಾರೆ. ಆದರೆ ನಾನು ಹೇಳಬೇಕಾದ್ದು ಆ ಸಂಜೆಯ ಮಾತು.

ಸರಪಳಿ ಕಳಚಿ ಬಿದ್ದ ಮೇಲೂ ಲಲಿತಾ ಗೋಡೆಗೆ ಒತ್ತಿ ಕೂತಿದ್ದಳು. ನಾನು ಕೈ ಹಿಡಿಯಲಿಲ್ಲ, ಬಾ ಎನ್ನಲಿಲ್ಲ. ಸ್ವಲ್ಪ ದೂರದಲ್ಲಿ ಕೂತೆ. ಅವಳು ತಾನಾಗಿಯೇ ಎದ್ದು, ಕೊಟ್ಟಿಗೆ ದಾಟಿ, ಗೋಡೆ ಹಿಡಿದು ಮನೆಯ ಹೊಸ್ತಿಲವರೆಗೆ ಬಂದಳು. ಮನೆಯ ಎಲ್ಲರ ಚಪ್ಪಲಿಗಳೂ ಅಲ್ಲಿ ಸಾಲಾಗಿದ್ದವು.

"ನನ್ನ ಚಪ್ಪಲಿ ಎಲ್ಲವ?" ಎಂದಳು.

ಅವಳಿಗೆ ಚಪ್ಪಲಿ ಬೇಕಾಗಬಹುದೆಂದು ಆ ಮನೆಯಲ್ಲಿ ಯಾರಿಗೂ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಲಲಿತಾ ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಧನರಾಜನ ದೊಡ್ಡ ಚಪ್ಪಲಿಗಳಲ್ಲಿ ಒಂದೊಂದಾಗಿ ಕಾಲಿಟ್ಟು, ಪಟಪಟ ಸದ್ದು ಮಾಡುತ್ತ ಅಂಗಳ ದಾಟಿ ರಸ್ತೆಗೆ ನಡೆದಳು. ಧನರಾಜ ಬರಿಗಾಲಲ್ಲಿ ಹಿಂದೆ ಹೊರಟ.